ಹಾಡು ಬಿಟ್ಟು ಹೋದ ಡಿಯಾನಾ ಡರ್ಬಿನ್

ಡಿಯಾನಾ ಡರ್ಬಿನ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಸತ್ಯಜಿತ್ ರೇ ಬಾಯಲ್ಲಿ. 1992ರಲ್ಲಿ ಅವರಿಗೆ ಗೌರವ ಆಸ್ಕರ್ ಬಂದಾಗ ಅವರು ಕಲ್ಕತ್ತೆಯಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಲ್ಲಿಂದಲೇ ಮಾತಾಡಿದ್ದನ್ನು ಚಿತ್ರೀಕರಿಸಿ ಸಮಾರಂಭದಲ್ಲಿ ತೋರಿಸಿದರು. ಅದರಲ್ಲಿ ಅವರು ಸಿನಿಮಾ ಕಲೆಯ ಬಗ್ಗೆ ದೊಡ್ಡ ಮಾತೇನೂ ಆಡುವುದಿಲ್ಲ. ಸ್ಕೂಲು ಹುಡುಗನಾಗಿದ್ದಾಗ ಡಿಯಾನಾ ಡರ್ಬಿನ್‌ಗೆ ಅಭಿಮಾನದ ಪತ್ರ ಬರೆದದ್ದನ್ನೂ ಅದಕ್ಕೆ ಉತ್ತರ ಬಂದದ್ದನ್ನೂ ಹೇಳುತ್ತಾರೆ. ಜಿಂಜರ್ ರೋಜರ್ಸ್ ಉತ್ತರ ಕೊಡಲಿಲ್ಲವಂತೆ. ಮುಂದೆ ಬಿಲ್ಲಿ ವೈಲ್ಡರ್‌ಗೆ ಹನ್ನೆರಡು ಪುಟ ಬರೆದರಂತೆ, ಅವನಿಂದಲೂ ಉತ್ತರವಿಲ್ಲ. ಮುಂದಿನ ತಿಂಗಳು ರೇ ತೀರಿಕೊಂಡರು.

ವೈಲ್ಡರ್ ಗೊತ್ತಿತ್ತು, ರೋಜರ್ಸ್ ಹೆಸರು ಕೇಳಿದ್ದೆ. ಉತ್ತರ ಕೊಟ್ಟವಳು ಮಾತ್ರ ಯಾರೋ ಗೊತ್ತಿರಲಿಲ್ಲ. ಹುಡುಕಿದಾಗ ತಿಳಿದದ್ದು, ರೇ ಆ ಮಾತಾಡುವಾಗ ಆಕೆ ಬದುಕಿದ್ದಳು. ರೇಗಿಂತ ಏಳು ತಿಂಗಳು ಚಿಕ್ಕವಳು. ಪ್ಯಾರಿಸ್ಸಿನ ಹೊರಗಿನ ಒಂದು ಹಳ್ಳಿಯಲ್ಲಿ, ಜಗತ್ತು ತನ್ನನ್ನು ಮರೆಯಲಿ ಎಂದು ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸುಮ್ಮನೆ ಕೂತಿದ್ದಳು.

1921ರ ಡಿಸೆಂಬರ್ 4ರಂದು ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಎಡ್ನಾ ಮೇ. ಅಪ್ಪ ಅಮ್ಮ ಇಂಗ್ಲೆಂಡಿನ ಲ್ಯಾಂಕಾಶೈರ್ ಕಡೆಯವರು. ಮಗು ತೀರಾ ಚಿಕ್ಕದಿದ್ದಾಗಲೇ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಸಂಗೀತದ ಪಾಠಕ್ಕೆ ದುಡ್ಡು ಹೊಂದಿಸಿದ್ದು ಅಕ್ಕ ಈಡಿತ್. ಹದಿಮೂರು ಹದಿನಾಲ್ಕರ ಹೊತ್ತಿಗೆ ಈ ಹುಡುಗಿಯ ಗಂಟಲಲ್ಲಿ ಬೆಳೆದ ಹೆಂಗಸಿನ ದನಿಯಿತ್ತು. ಡಿಸ್ನಿಯವರು 'ಸ್ನೋ ವೈಟ್' ಪಾತ್ರಕ್ಕೆ ಅವಳ ದನಿ ಕೇಳಿ, ಇದು ಮಗುವಿನ ದನಿಯಲ್ಲ ಎಂದು ಬಿಟ್ಟರು ಎಂಬ ಕಥೆಯಿದೆ. ಮುಂದೆ ಅವಳ ಬದುಕಿಡೀ ಇದರ ತಿರುಗುಮುರುಗು ನಡೆಯಿತು ಎನ್ನುವುದು ಬೇರೆ ಮಾತು. ದನಿ ದೊಡ್ಡದಾಗಿದ್ದಾಗ ಮಗು ಬೇಕಿತ್ತು, ಅವಳೇ ದೊಡ್ಡವಳಾದಾಗಲೂ ಮಗುವೇ ಬೇಕಾಯಿತು.

1936ರಲ್ಲಿ ಎಂಜಿಎಂ ಕಂಪನಿ ಇಬ್ಬರು ಹುಡುಗಿಯರನ್ನು ಜೊತೆಗೆ ನಿಲ್ಲಿಸಿ 'ಎವರಿ ಸಂಡೇ' ಎಂಬ ಕಿರುಚಿತ್ರ ಮಾಡಿತು. ಸುಮಾರು ಹನ್ನೊಂದು ನಿಮಿಷದ್ದು, ಈಗ ಅಂತರ್ಜಾಲದಲ್ಲಿ ಸಿಗುತ್ತದೆ. ಊರಿನ ಪಾರ್ಕಿನಲ್ಲಿ ಭಾನುವಾರ ವಾದ್ಯಗೋಷ್ಠಿ ನಡೆಸುವ ತಾತನ ಕೆಲಸ ಹೋಗುವುದರಲ್ಲಿದೆ, ಕೇಳುವವರೇ ಇಲ್ಲ. ಹುಡುಗಿಯರಿಬ್ಬರೂ ವೇದಿಕೆ ಹತ್ತಿ ಹಾಡುತ್ತಾರೆ, ಜನ ಸೇರುತ್ತಾರೆ. ಅಷ್ಟೇ ಕಥೆ. ಒಬ್ಬಳು ಕೈ ಕಟ್ಟಿದಂತೆ ನೆಟ್ಟಗೆ ನಿಂತು ಇಟಾಲಿಯನ್ ಹಾಡನ್ನು ಗಾಜಿನ ಲೋಟ ತಟ್ಟಿದಷ್ಟು ಸ್ಪಷ್ಟವಾಗಿ ಹಾಡುತ್ತಾಳೆ. ಇನ್ನೊಬ್ಬಳು ಮೈಯೆಲ್ಲ ಕುಣಿಸಿ ಜಾಸ್ ಬೆರೆತ ಹಾಡು ಹಾಡುತ್ತಾಳೆ. ಆ ಇನ್ನೊಬ್ಬಳು ಜೂಡಿ ಗಾರ್ಲೆಂಡ್. ಇವಳಿಗಿಂತ ಆರು ತಿಂಗಳು ಚಿಕ್ಕವಳು. ಎಂಜಿಎಂ ಜೂಡಿಯನ್ನು ಉಳಿಸಿಕೊಂಡಿತು, ಡರ್ಬಿನ್ ಒಪ್ಪಂದ ಮುಂದುವರಿಯಲಿಲ್ಲ. ಅವಳನ್ನು ಯೂನಿವರ್ಸಲ್ ಕರೆದುಕೊಂಡಿತು. ಕಂಪನಿಯ ದೊರೆ 'ದಪ್ಪಗಿರುವವಳನ್ನು ಕಳಿಸಿ' ಅಂದದ್ದನ್ನು ಕೆಳಗಿನವರು ತಪ್ಪು ತಿಳಿದು ಡರ್ಬಿನ್‌ಳನ್ನು ಕಳಿಸಿದರು ಎಂದು ಒಂದು ಗಾಳಿಮಾತು ಇದೆ. ಸುಳ್ಳೇ ಇರಬಹುದು. ಹದಿನಾಲ್ಕು ವರ್ಷದ ಹುಡುಗಿಯರ ಬಗ್ಗೆ ಹೀಗೊಂದು ಮಾತು ಹುಟ್ಟಿ, ಎಂಬತ್ತು ವರ್ಷ ತಮಾಷೆಯಾಗಿ ಓಡಾಡಿದೆಯಲ್ಲ, ಅದು ಸುಳ್ಳಲ್ಲ.

ಆ ವರ್ಷ ಯೂನಿವರ್ಸಲ್ ಸ್ಥಿತಿ ಹದಗೆಟ್ಟಿತ್ತು. ಸಂಸ್ಥಾಪಕ ಕಾರ್ಲ್ ಲೆಮ್ಲಿ ಸಾಲದ ಕಾರಣಕ್ಕೆ ಕಂಪನಿಯನ್ನೇ ಕಳೆದುಕೊಂಡಿದ್ದ. ಅಂಥ ಹೊತ್ತಿನಲ್ಲಿ ನಿರ್ಮಾಪಕ ಜೋ ಪಾಸ್ಟರ್ನಾಕ್, ನಿರ್ದೇಶಕ ಹೆನ್ರಿ ಕೋಸ್ಟರ್ ಸೇರಿ ಮಾಡಿದ 'ತ್ರೀ ಸ್ಮಾರ್ಟ್ ಗರ್ಲ್ಸ್' ಗೆದ್ದಿತು. ಮರುವರ್ಷ, 1937ರಲ್ಲಿ, 'ಒನ್ ಹಂಡ್ರೆಡ್ ಮೆನ್ ಅಂಡ್ ಎ ಗರ್ಲ್' ಇನ್ನೂ ಜೋರಾಗಿ ಗೆದ್ದಿತು. ಡರ್ಬಿನ್ ಒಬ್ಬಳೇ ಕಂಪನಿಯನ್ನು ದಿವಾಳಿಯಿಂದ ಎತ್ತಿದಳು ಅನ್ನುತ್ತಾರೆ. ಲೆಕ್ಕಪತ್ರ ನೋಡಿದವರು ಅಷ್ಟಿಲ್ಲ ಎನ್ನಬಹುದು, ಆದರೆ ಬಾಗಿಲು ಮುಚ್ಚದಂತೆ ಕಾಲು ಅಡ್ಡ ಇಟ್ಟವರಲ್ಲಿ ಆ ಹುಡುಗಿ ಮುಂದಿದ್ದಳು.

ಈ ಎರಡನೆಯ ಚಿತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅಮೆರಿಕದ ಆರ್ಥಿಕ ಕುಸಿತದ ಕಾಲ. ಹುಡುಗಿಯ ಅಪ್ಪ ಟ್ರಾಂಬೋನ್ ವಾದಕ, ಕೆಲಸವಿಲ್ಲ. ಅವನಂಥ ನೂರು ಜನ ನಿರುದ್ಯೋಗಿ ವಾದಕರನ್ನು ಸೇರಿಸಿ ಈಕೆ ಆರ್ಕೆಸ್ಟ್ರಾ ಕಟ್ಟಿಸುತ್ತಾಳೆ. ನಡೆಸಲು ಒಬ್ಬ ದೊಡ್ಡ ಮನುಷ್ಯ ಬೇಕು. ಆ ದೊಡ್ಡ ಮನುಷ್ಯ ನಿಜವಾದ ಲಿಯೊಪೋಲ್ಡ್ ಸ್ಟೊಕೊವ್ಸ್ಕಿಯೇ, ಚಿತ್ರದಲ್ಲಿ ತನ್ನದೇ ಹೆಸರಿನಲ್ಲಿ ಬರುತ್ತಾನೆ. ಹುಡುಗಿ ಆ ನೂರು ಜನರನ್ನೂ ಅವನ ಮನೆಯೊಳಗೆ ನುಗ್ಗಿಸಿಬಿಡುತ್ತಾಳೆ. ಮೆಟ್ಟಿಲ ಮೇಲೆಲ್ಲ ನಿಂತು ಅವರು ಲಿಸ್ಟ್‌ನ ಹಂಗೇರಿಯನ್ ರಾಪ್ಸೊಡಿ ಬಾರಿಸತೊಡಗುತ್ತಾರೆ. ಸಿಟ್ಟಿನಿಂದ ಹೊರಗೆ ಬಂದ ಸ್ಟೊಕೊವ್ಸ್ಕಿಯ ಕೈಗಳು ತಾವಾಗಿಯೇ ಏಳುತ್ತವೆ. ಕಥೆ ನಂಬುವಂಥದ್ದಲ್ಲ. ಆದರೂ ಆ ಕೈ ಏಳುವ ಗಳಿಗೆಗಾಗಿ ನಾನು ಆ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ. ಆ ದೃಶ್ಯದಲ್ಲಿ ಡರ್ಬಿನ್ ಹಾಡುವುದಿಲ್ಲ, ಮೇಲಿನಿಂದ ನೋಡುತ್ತಿರುತ್ತಾಳೆ ಅಷ್ಟೇ. ಚಿತ್ರದಲ್ಲಿ ಮೊಟ್ಸಾರ್ಟ್‌ನ 'ಅಲೆಲೂಯ', ಕೊನೆಗೆ ವೆರ್ಡಿಯ 'ಲಾ ಟ್ರವಿಯಾಟ' ಒಪೆರಾದ ಪಾನಗೋಷ್ಠಿಯ ಹಾಡು ಹಾಡುತ್ತಾಳೆ. ಒಪೆರಾ ಅಂದರೆ ಶ್ರೀಮಂತರ ಮಂದಿರದೊಳಗಿನ ಸಂಗತಿ ಎಂದುಕೊಂಡಿದ್ದ ಜನ ಮೂಲೆಯ ಟಾಕೀಸಿನಲ್ಲಿ ಕೂತು ಅದನ್ನು ಕೇಳಿದರು. ಮಹಾನ್ ಚೆಲ್ಲೊ ವಾದಕ ರಾಸ್ಟ್ರಪೊವಿಚ್ ಮುಂದೆ, ತನ್ನ ಸಂಗೀತದ ಮೇಲೆ ಪ್ರಭಾವ ಬೀರಿದವರಲ್ಲಿ ಈ ಸಿನಿಮಾ ಹುಡುಗಿಯ ಹೆಸರನ್ನೂ ಹೇಳಿದ.

ಪಾಸ್ಟರ್ನಾಕ್ ಹಂಗೇರಿಯಲ್ಲಿ ಹುಟ್ಟಿದ ಯಹೂದಿ. ಕೋಸ್ಟರ್ ಬರ್ಲಿನ್‌ನವನು, ಮೂಲ ಹೆಸರು ಕೋಸ್ಟರ್ಲಿಟ್ಸ್, ಹಿಟ್ಲರ್ ಬಂದ ವರ್ಷವೇ ಜರ್ಮನಿ ಬಿಟ್ಟವನು. ಡರ್ಬಿನ್‌ಗೆ ಎಷ್ಟೋ ಚಿತ್ರಕಥೆ ಬರೆದು ಮುಂದೆ ಅವಳ ಎರಡನೆಯ ಗಂಡನಾದ ಫೆಲಿಕ್ಸ್ ಜಾಕ್ಸನ್ ಕೂಡ ಜರ್ಮನಿ ಬಿಟ್ಟು ಬಂದವನೇ. ಅಮೆರಿಕದ ಅಪ್ಪಟ ಹುಡುಗಿ ಎಂದು ಜಗತ್ತು ನಂಬಿದ ಆ ನಗುಮುಖವನ್ನು ಕಟ್ಟಿದವರು ಊರು ಕಳೆದುಕೊಂಡ ಜನ. ಇದು ನೆನಪಾಗುವುದು ಆನ್ ಫ್ರಾಂಕ್‌ಳ ಕೋಣೆಯ ಗೋಡೆ ನೋಡಿದಾಗ. 1942ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅಡಗುದಾಣಕ್ಕೆ ಹೋದ ಹದಿಮೂರು ವರ್ಷದ ಹುಡುಗಿ, ಬೋಳು ಗೋಡೆಗೆ ತಾನು ಕೂಡಿಟ್ಟಿದ್ದ ಸಿನಿಮಾ ತಾರೆಯರ ಚಿತ್ರ ಅಂಟಿಸಿದಳು. ಅದರಲ್ಲಿ ಡಿಯಾನಾ ಡರ್ಬಿನ್ ಇದ್ದಾಳೆ. ಈಗ ವಸ್ತುಸಂಗ್ರಹಾಲಯವಾಗಿರುವ ಆ ಮನೆಯಲ್ಲಿ ಆ ಚಿತ್ರ ಇವತ್ತಿಗೂ ಇದೆ. ದನಿ ತೆಗೆಯುವಂತಿಲ್ಲದ, ಹಗಲೆಲ್ಲ ಕಾಲ ಸಪ್ಪಳವೂ ಆಗಬಾರದಾಗಿದ್ದ ಮನೆಯಲ್ಲಿ, ಹಾಡುಗಾರ್ತಿಯ ಚಿತ್ರ.

ಹೀಗೆ ಕಲ್ಕತ್ತೆಯ ಹುಡುಗನಿಗೂ ಆಮ್‌ಸ್ಟರ್‌ಡ್ಯಾಮ್‌ನ ಹುಡುಗಿಗೂ ಬೇಕಾದವಳಾಗಿದ್ದವಳಿಗೆ ತಾನು ಮಾತ್ರ ಬೇಡವಾಗತೊಡಗಿತು. ಅವಳ ಹೆಸರಿನ ಗೊಂಬೆಗಳು ಅಂಗಡಿಗೆ ಬಂದವು. 1939ರಲ್ಲಿ ಮಿಕಿ ರೂನಿಯ ಜೊತೆಗೆ ಬಾಲಕಲಾವಿದರ ವಿಶೇಷ ಆಸ್ಕರ್ ಸಿಕ್ಕಿತು. ಅದೇ ವರ್ಷ 'ಫಸ್ಟ್ ಲವ್' ಚಿತ್ರದಲ್ಲಿ ರಾಬರ್ಟ್ ಸ್ಟ್ಯಾಕ್ ಅವಳಿಗೆ ಕೊಟ್ಟ ಮೊದಲ ಮುತ್ತು ಪತ್ರಿಕೆಗಳಿಗೆ ದೊಡ್ಡ ಸುದ್ದಿ. ಯೂರೋಪಿನಲ್ಲಿ ಯುದ್ಧ ಶುರುವಾಗಿದ್ದ ದಿನಗಳು ಅವು. ನಮ್ಮ ಹಳೆಯ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಮಕ್ಕಳ ಹೆಸರಿನ ಹಿಂದೆ 'ಮಾಸ್ಟರ್', 'ಬೇಬಿ' ಎಂದು ಹಾಕುತ್ತಾರಲ್ಲ, ಅದನ್ನು ಯಾವಾಗ ತೆಗೆಯಬೇಕು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಡರ್ಬಿನ್ ಹೆಸರಿನ ಹಿಂದೆ ಅಂಥದ್ದೇನೂ ಇರಲಿಲ್ಲ, ಆದರೂ ಅದು ಇದ್ದೇ ಇತ್ತು.

ಸುಮ್ಮನೆ ಸಹಿಸಿಕೊಂಡವಳಲ್ಲ. 1941ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಕಂಪನಿ ಹೇಳಿದ ಚಿತ್ರವೊಂದನ್ನು ಮಾಡುವುದಿಲ್ಲ ಎಂದು ಕೂತಳು. ಅಮಾನತು ಮಾಡಿದರು. ಕೆಲವು ತಿಂಗಳು ಕಳೆದು ರಾಜಿಯಾದಾಗ ಕಥೆ, ನಿರ್ದೇಶಕ, ಹಾಡು ಮೂರರಲ್ಲೂ ಅವಳ ಒಪ್ಪಿಗೆ ಬೇಕು ಎಂದಾಯಿತು. ಆ ಕಾಲದ ಸ್ಟುಡಿಯೋ ವ್ಯವಸ್ಥೆಯಲ್ಲಿ ಇದು ಸಣ್ಣ ಗೆಲುವಲ್ಲ. ಆ ಗೆಲುವನ್ನು ಆಕೆ ಬಳಸಿದ್ದು 'ಕ್ರಿಸ್‌ಮಸ್ ಹಾಲಿಡೇ'ಯಲ್ಲಿ, 1944ರಲ್ಲಿ. ಸಾಮರ್‌ಸೆಟ್ ಮಾಮ್ ಕಾದಂಬರಿ, ನಿರ್ದೇಶಕ ರಾಬರ್ಟ್ ಸಿಯೋಡ್‌ಮಾಕ್. ಹೆಸರು ಕೇಳಿ ಹಬ್ಬದ ಚಿತ್ರ ಎಂದುಕೊಂಡು ಹೋದವರಿಗೆ ಸಿಕ್ಕಿದ್ದು ಕತ್ತಲು. ಕೊಲೆಗಾರನನ್ನು ಮದುವೆಯಾಗಿ, ಅವನನ್ನು ಪ್ರೀತಿಸುವುದನ್ನು ಬಿಡಲಾರದೆ ಕೀಳು ಕ್ಲಬ್ಬೊಂದರಲ್ಲಿ ಹಾಡುವ ಹೆಂಗಸಿನ ಪಾತ್ರ. ಕೊಲೆಗಾರ ಗಂಡನಾಗಿ ಜೀನ್ ಕೆಲ್ಲಿ, ಅವನೂ ಕುಣಿಯುವುದಿಲ್ಲ! ಹಾಡುಗಳು ಎರಡೇ. ಮೊದಲನೆಯದನ್ನು ಆಕೆ ದನಿ ತಗ್ಗಿಸಿ, ಯಾರಿಗೂ ಕೇಳಿಸಬೇಕೆಂಬ ಆಸೆಯಿಲ್ಲದವಳಂತೆ ಹಾಡುತ್ತಾಳೆ. ಮೇಲಿನ ಷಡ್ಜದವರೆಗೂ ಸಲೀಸಾಗಿ ಏರುವ ಗಂಟಲು ಬೇಕೆಂದೇ ಕೆಳಗೆ ಉಳಿದದ್ದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಅವಳ ಅತ್ಯುತ್ತಮ ಗಾಯನ ಇದು, ಮೊಟ್ಸಾರ್ಟ್ ಅಲ್ಲ. ಚಿತ್ರ ದುಡ್ಡು ಮಾಡಿತು. ಆದರೆ ಅಭಿಮಾನಿಗಳು ಗೊಣಗಿದರು, ವಿಮರ್ಶಕರು ಮೂಗು ಮುರಿದರು. ಕಂಪನಿಗೆ ಅಷ್ಟು ಸಾಕಾಯಿತು. ಮತ್ತೆ ಫ್ರಾಕು, ನಗು, ಹಾಡು. ತಾನು ಮಾಡಿದ ಚಿತ್ರಗಳಲ್ಲಿ ಹೆಮ್ಮೆಪಡುವಂಥದ್ದು ಇದೊಂದೇ ಎಂಬರ್ಥದಲ್ಲಿ ಆಕೆ ಮುಂದೆ ಹೇಳಿಕೊಂಡದ್ದುಂಟು.

1947ರಲ್ಲಿ ಅಮೆರಿಕದಲ್ಲೇ ಅತಿ ಹೆಚ್ಚು ಸಂಬಳ ಪಡೆಯುವ ನಟಿ. 1948ರಲ್ಲಿ ಕೊನೆಯ ಚಿತ್ರ 'ಫಾರ್ ದ ಲವ್ ಆಫ್ ಮೇರಿ' ತೆರೆಗೆ ಬಂತು. ಆಗ ಆಕೆಗೆ ಇಪ್ಪತ್ತಾರು. ಕಂಪನಿ ಮುಂಗಡ ಸಂಬಳದ ವಿಷಯಕ್ಕೆ ಕೋರ್ಟಿಗೆ ಹೋಯಿತು, ಮಾತುಕತೆಯಾಯಿತು, 1949ರಲ್ಲಿ ಒಪ್ಪಂದ ಮುಗಿಯಿತು. ಎರಡು ಮದುವೆ ಮುರಿದಿದ್ದವು. 1950ರ ಡಿಸೆಂಬರಿನಲ್ಲಿ ಫ್ರೆಂಚ್ ನಿರ್ದೇಶಕ ಚಾರ್ಲ್ಸ್ ಡೇವಿಡ್‌ನನ್ನು ಮದುವೆಯಾದಳು. ಜೇಡ, ಸೊಳ್ಳೆ, ಪತ್ರಕರ್ತ ಈ ಮೂರರಿಂದ ತನ್ನನ್ನು ಕಾಪಾಡಬೇಕು ಎಂಬುದು ಮದುವೆಗೆ ಅವಳ ಷರತ್ತಾಗಿತ್ತಂತೆ. ಅಲ್ಲಿಗೆ ಮುಗಿಯಿತು. ಇಪ್ಪತ್ತೊಂದು ಚಿತ್ರ, ಹನ್ನೆರಡು ವರ್ಷ. ಮುಂದೆ ಆರು ದಶಕಕ್ಕೂ ಹೆಚ್ಚು ಕಾಲ ಚಿತ್ರವಿಲ್ಲ, ಕಛೇರಿಯಿಲ್ಲ, ಹೊಸ ಧ್ವನಿಮುದ್ರಿಕೆಯಿಲ್ಲ.

ನನ್ನನ್ನು ಕಾಡುವುದು ಈ ಕೊನೆಯ ಮಾತು. ಸಿನಿಮಾ ಬಿಟ್ಟವರು ಬೇಕಾದಷ್ಟು ಜನ. ನಮ್ಮಲ್ಲೇ ಎಂ. ಎಸ್. ಸುಬ್ಬುಲಕ್ಷ್ಮಿ 1945ರ 'ಮೀರಾ' ನಂತರ ನಟಿಸುವುದನ್ನು ಬಿಟ್ಟರು, ಆದರೆ ಬಿಟ್ಟದ್ದು ಸಂಗೀತಕ್ಕಾಗಿ. ಡರ್ಬಿನ್ ಹಾಗೆ ಸಿನಿಮಾ ಬಿಟ್ಟು ಒಪೆರಾಕ್ಕೆ ಹೋಗಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಚಿಕ್ಕಂದಿನಿಂದ ಅದೇ ಅವಳ ಕನಸು ಎಂದು ಪ್ರಚಾರ ಮಾಡಿದ್ದರು, ಮೆಟ್ರೊಪಾಲಿಟನ್ ಒಪೆರಾದಲ್ಲಿ ಹಾಡಿದ್ದ ಆಂಡ್ರೆಸ್ ಡಿ ಸೆಗುರೊಲಾ ಅವಳ ಗುರು. ಹೋಗಲಿಲ್ಲ. ಹಾಡನ್ನೇ ಬಿಟ್ಟಳು.

ಕನ್ನಡದಲ್ಲಿ 'ಬಿಟ್ಟಳು' ಅನ್ನುವುದಕ್ಕೂ 'ಬಿಡಿಸಿದರು' ಅನ್ನುವುದಕ್ಕೂ ನಡುವೆ ಒಂದೆರಡು ಅಕ್ಷರದ ಅಂತರ. ಹೆಂಗಸರ ವಿಷಯ ಬಂದಾಗ ನಾವು ಮೊದಲನೆಯದನ್ನು ಕೇಳಿದರೂ ಎರಡನೆಯದನ್ನೇ ಅರ್ಥ ಮಾಡಿಕೊಳ್ಳುತ್ತೇವೆ, ಕಾರಣವೂ ಇದೆ. ನಮ್ಮ ಸೋದರತ್ತೆ ಮದುವೆಗೆ ಮುಂಚೆ ಚೆನ್ನಾಗಿ ಹಾಡುತ್ತಿದ್ದರು. ಗಣೇಶೋತ್ಸವದ ಪೆಂಡಾಲಿನಲ್ಲಿ ಅವರ ಹಾಡಿಗೆಂದೇ ಜನ ಕಾಯುತ್ತಿದ್ದರಂತೆ. ಮದುವೆಯಾದ ಮೇಲೆ ಹಾಡಿದ್ದನ್ನು ನಾನಂತೂ ಕೇಳಿಲ್ಲ. ಗಂಡನ ಮನೆಯವರು ಬಿಡಿಸಿದರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಕಾಲೇಜಿನಲ್ಲಿದ್ದಾಗ, ಹೊಸದಾಗಿ ಸ್ತ್ರೀವಾದ ಓದಿದ್ದ ಹುಮ್ಮಸ್ಸಿನಲ್ಲಿ, ನಾನು ಅವರನ್ನು ಕೂರಿಸಿಕೊಂಡು ಕೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. "ಬಿಡಿಸಿದ್ರು ಅಂತ ಯಾರು ಹೇಳಿದ್ದು ನಿಂಗೆ? ನಮ್ಮ ಮಾವ ಹಾರ್ಮೋನಿಯಂ ಬೇರೆ ತಂದುಕೊಟ್ಟಿದ್ರು. ನಂಗೇ ಸಾಕಾಗಿತ್ತು. ಎಲ್ಲಿ ಹೋದ್ರೂ ಒಂದು ಹಾಡು ಹೇಳಮ್ಮ, ಒಂದು ಹಾಡು ಹೇಳಮ್ಮ. ನೆಂಟರ ಮನೆಗೆ ಹೋಗಿ ಒಂದು ಲೋಟ ಕಾಫಿ ನೆಮ್ಮದಿಯಾಗಿ ಕುಡಿದಿದ್ದಿಲ್ಲ." ಅವರು ನಕ್ಕರು, ನನಗೆ ನಗು ಬರಲಿಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ಕಥೆಯಲ್ಲಿ ಆ ಉತ್ತರಕ್ಕೆ ಜಾಗ ಇರಲಿಲ್ಲ.

ಡರ್ಬಿನ್ ವಿಷಯದಲ್ಲಿ ಉತ್ತರ ಅಷ್ಟು ನೇರವಾಗಿಲ್ಲ. ಕೊನೆಯ ನಾಲ್ಕು ಚಿತ್ರಗಳು ಅವಳ ಹಳೆಯ ಚಿತ್ರಗಳ ಮುಂದೆ ಸಪ್ಪೆ. ಅವಳನ್ನು ರೂಪಿಸಿದ ಪಾಸ್ಟರ್ನಾಕ್, ಕೋಸ್ಟರ್ 1941ರ 'ಇಟ್ ಸ್ಟಾರ್ಟೆಡ್ ವಿತ್ ಈವ್' ಆದಮೇಲೆ ದೂರವಾಗಿದ್ದರು. 1946ರಲ್ಲಿ ಯೂನಿವರ್ಸಲ್ ಇನ್ನೊಂದು ಕಂಪನಿಯ ಜೊತೆ ಸೇರಿ ಆಡಳಿತ ಬದಲಾಗಿತ್ತು. ಬೇಕಾದ ಪಾತ್ರ ಕೊಡದೆ, ಬೇಡವಾದ ಪಾತ್ರಕ್ಕೆ ಕೈತುಂಬ ದುಡ್ಡು ಕೊಡುವುದೂ ಒಂದು ರೀತಿಯ 'ಬಿಡಿಸುವುದೇ' ಅಲ್ಲವೇ? ಹೌದು ಅನಿಸುತ್ತದೆ. ಆದರೆ ಮುಂದಿನ ಆರು ದಶಕದ ಲೆಕ್ಕಕ್ಕೆ ಈ ವಿವರಣೆ ಸಾಲದು. ಸೋತು ಮೂಲೆ ಸೇರಿದವರು ಯಾರಾದರೂ ಕರೆಯಲಿ ಎಂದು ಕಾಯುತ್ತಾರೆ. ಆಕೆಯನ್ನು ಕರೆದರು, ಹೋಗಲಿಲ್ಲ. 1983ರಲ್ಲಿ ಚಲನಚಿತ್ರ ಇತಿಹಾಸಕಾರ ಡೇವಿಡ್ ಶಿಪ್‌ಮನ್‌ಗೆ ಕೊಟ್ಟ ಒಂದು ಸಂದರ್ಶನ ಬಿಟ್ಟರೆ ಪತ್ರಕರ್ತರಿಗೆ ಬಾಗಿಲು ಮುಚ್ಚಿಯೇ ಇತ್ತು. ತೆರೆಯ ಮೇಲಿನ ಆ ಹುಡುಗಿಗೂ ತನಗೂ ಸಂಬಂಧವಿಲ್ಲ ಎಂಬುದನ್ನೇ ಆಕೆ ಬೇರೆ ಬೇರೆ ರೀತಿಯಲ್ಲಿ ಹೇಳುತ್ತ ಬಂದಳು. ಅಭಿಮಾನಿಗಳನ್ನು ದೇವರು ಎಂದು ಕರೆದ ರಾಜ್‌ಕುಮಾರ್ ನಾಡಿನವರು ನಾವು. ದೇವರಿಗೆ ಹೀಗೆ ಬಾಗಿಲು ಮುಚ್ಚುವುದು ನಮಗೆ ಕೊಂಚ ಒರಟಾಗಿ ಕಾಣಬಹುದು. ಭಕ್ತರಿಗೆ ದರ್ಶನ ಕೊಡುವುದಕ್ಕಿಂತ ದೇವರಿಗೆ ದರ್ಶನ ಕೊಡುವುದು ಹೆಚ್ಚು ದಣಿವಿನ ಕೆಲಸವೇನೋ.

ಇಲ್ಲಿ ಜೂಡಿ ಗಾರ್ಲೆಂಡ್ ಕಥೆಯನ್ನು ಪಕ್ಕದಲ್ಲಿಡುವುದು ಎಲ್ಲರ ರೂಢಿ. ಉಳಿದವಳು ಮಾತ್ರೆಗಳಿಗೆ ದಾಸಿಯಾಗಿ 1969ರಲ್ಲಿ ಲಂಡನ್ನಿನಲ್ಲಿ ನಲವತ್ತೇಳಕ್ಕೇ ಸತ್ತಳು, ಹೊರಟವಳು ತೊಂಬತ್ತೊಂದು ವರ್ಷ ಬಾಳಿದಳು, ನೋಡಿ ಎಂದು. ನನಗೆ ಈ ಹೋಲಿಕೆ ಹಿಡಿಸುವುದಿಲ್ಲ. 1961ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಜೂಡಿ ಹಾಡಿದ ಕಛೇರಿಯ ಧ್ವನಿಮುದ್ರಿಕೆ ಕೇಳಿದವರು ಆಕೆ ಉಳಿಯಬಾರದಿತ್ತು ಎಂದು ಸುಲಭವಾಗಿ ಹೇಳಲಾರರು. ಆ ದನಿಯಲ್ಲಿ ಏಟು ತಿಂದ ಗುರುತುಗಳಿವೆ, ಅವೇ ಹಾಡಾಗಿವೆ. ಡರ್ಬಿನ್‌ಳ ನಲವತ್ತನೇ ವಯಸ್ಸಿನ ದನಿ ಹೇಗಿರುತ್ತಿತ್ತು? 'ಕ್ರಿಸ್‌ಮಸ್ ಹಾಲಿಡೇ'ಯ ಆ ತಗ್ಗಿನ ದನಿ ಎಲ್ಲಿಗೆ ಹೋಗಿ ಮುಟ್ಟುತ್ತಿತ್ತು? ಕೇಳಬೇಕೆಂಬ ಆಸೆ ನನಗಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಎದುರು ಕೂತಾಗಲೂ ಒಳಗೆ ಇದ್ದದ್ದು ನ್ಯಾಯದ ಪ್ರಶ್ನೆಯಷ್ಟೇ ಅಲ್ಲ, ಒಂದು ಹಾಡು ಹೇಳಲಿ ಎಂಬ ಆಸೆಯೂ.

ಆಕೆ ನೆಲೆಸಿದ ಹಳ್ಳಿಯ ಹೆಸರು ನೋಫ್ಲ್-ಲ-ಶಾತೊ. ಈ ಹೆಸರು ಜಗತ್ತಿಗೆ ಗೊತ್ತಾದದ್ದು ಬೇರೆ ಕಾರಣಕ್ಕೆ. 1978ರ ಅಕ್ಟೋಬರಿನಲ್ಲಿ ಇರಾನಿನ ಆಯತೊಲ್ಲಾ ಖೊಮೇನಿ ಬಂದು ಉಳಿದದ್ದು ಇದೇ ಹಳ್ಳಿಯಲ್ಲಿ. ನಾಲ್ಕು ತಿಂಗಳು ಪ್ರಪಂಚದ ಪತ್ರಕರ್ತರೆಲ್ಲ ಕ್ಯಾಮೆರಾ, ಮೈಕು ಹೊತ್ತು ಅಲ್ಲಿ ಬೀಡುಬಿಟ್ಟಿದ್ದರು. ಅದೇ ಊರಿನ ಇನ್ನೊಂದು ಬೀದಿಯಲ್ಲಿ ಒಂದು ಕಾಲಕ್ಕೆ ಜಗತ್ತಿನ ಎಲ್ಲ ಪತ್ರಿಕೆಗಳಲ್ಲೂ ಮುಖ ಅಚ್ಚಾಗುತ್ತಿದ್ದ ಹೆಂಗಸು ಮಾರುಕಟ್ಟೆಗೆ ಹೋಗಿ ಬಂದು ಅಡುಗೆ ಮಾಡಿಕೊಂಡಿದ್ದಳು. ಸೊಳ್ಳೆಯ ವಿಷಯ ಏನಾಯಿತೋ, ಪತ್ರಕರ್ತರ ವಿಷಯದಲ್ಲಿ ಚಾರ್ಲ್ಸ್ ಡೇವಿಡ್ ಮಾತು ಉಳಿಸಿಕೊಂಡ. ಆತ 1999ರಲ್ಲಿ ತೀರಿಕೊಂಡ. 2013ರ ಏಪ್ರಿಲ್‌ನಲ್ಲಿ ಆಕೆಯೂ ಹೋದಳು. ಸುದ್ದಿ ಹೊರಗೆ ಬಂದದ್ದು ಕೆಲವು ದಿನ ಕಳೆದು, ಅಭಿಮಾನಿಗಳ ಸಂಘದ ಪತ್ರಿಕೆಯ ಮೂಲಕ. ತಾಯಿಯ ಏಕಾಂತವನ್ನು ಗೌರವಿಸಿದ್ದಕ್ಕೆ ಮಗ ಅಭಿಮಾನಿಗಳಿಗೆ ಕೃತಜ್ಞತೆ ಹೇಳಿದ್ದ.

ಡರ್ಬಿನ್‌ಳನ್ನು ಹೊಸದಾಗಿ ನೋಡುವವರಿಗೆ ನಾನು ಹೇಳುವುದು 'ಲೇಡಿ ಆನ್ ಎ ಟ್ರೈನ್', 1945ರದ್ದು. ರೈಲಿನ ಕಿಟಕಿಯಿಂದ ಕೊಲೆ ಕಂಡ ಹುಡುಗಿಯ ಕಥೆ, ಅರ್ಧ ಪತ್ತೇದಾರಿ, ಅರ್ಧ ತಮಾಷೆ. ನಡುವೆ ಕ್ರಿಸ್‌ಮಸ್ ರಾತ್ರಿಯ ಒಂದು ದೃಶ್ಯ. ದೂರದ ಊರಿನಲ್ಲಿರುವ ಅಪ್ಪನಿಗೆ ಫೋನಿನಲ್ಲಿ 'ಸೈಲೆಂಟ್ ನೈಟ್' ಹಾಡುತ್ತಾಳೆ. ವೇದಿಕೆಯಿಲ್ಲ, ಎದುರಿಗೆ ಸಭೆಯಿಲ್ಲ, ಎತ್ತರದ ಸ್ವರದ ಚಮತ್ಕಾರವಿಲ್ಲ. ರಿಸೀವರ್ ಹಿಡಿದು ಒಬ್ಬರಿಗೆ ಮಾತ್ರ ಕೇಳಿಸುವಷ್ಟು ಮೆತ್ತಗೆ ಹಾಡುತ್ತಾಳೆ, ಕ್ಯಾಮೆರಾ ಹತ್ತಿರ ಇದ್ದು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಆ ಚಿತ್ರದ ನಿರ್ದೇಶಕ ಚಾರ್ಲ್ಸ್ ಡೇವಿಡ್.